ಒಪ್ಪಂದದ ಕೊನೆಯ ವರ್ಷದಲ್ಲಿ ಆಟಗಾರ ನಿಜಕ್ಕೂ ಹೆಚ್ಚು ಚೆನ್ನಾಗಿ ಆಡುತ್ತಾನೆಯೇ?

ಬೇಸ್‌ಬಾಲ್ ಆಟವನ್ನೂ ಅದರ ಅಂಕಿಅಂಶಗಳನ್ನೂ ನಾನು ಹಲವು ವರ್ಷಗಳಿಂದ ಗಮನಿಸುತ್ತಾ ಬಂದಿದ್ದೇನೆ ಎಂದು ತಿಳಿದವರು, ಅದರಲ್ಲೂ ಅಮೆರಿಕಕ್ಕೆ ಬಂದ ಮೇಲೆ ಈ ಆಟದ ರುಚಿ ಹತ್ತಿದ ಕನ್ನಡದ ಗೆಳೆಯರು, ನವೆಂಬರ್ ಬಂತೆಂದರೆ ನನ್ನ ಮುಂದೆ ಒಂದು ಪ್ರಶ್ನೆ ಇಡುತ್ತಾರೆ. ಒಪ್ಪಂದ ಮುಗಿಯುವ ವರ್ಷ ಬಂದಾಗ ಆಟಗಾರರು ಜೀವ ಬಿಟ್ಟು ಆಡಿ, ದೊಡ್ಡ ಮೊತ್ತಕ್ಕೆ ಸಹಿ ಬಿದ್ದ ಮೇಲೆ ಕೈಚೆಲ್ಲುತ್ತಾರಲ್ಲ, ಇದು ನಿಜವಲ್ಲವೇ ಎಂಬುದು ಆ ಪ್ರಶ್ನೆ. ಕೇಳುವವರಲ್ಲಿ ಹೆಚ್ಚಿನವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ನನ್ನಿಂದ ಬೇಕಾಗಿರುವುದು ಒಂದು ‘ಹೌದು’ ಮಾತ್ರ. ಆ ‘ಹೌದು’ ಅನ್ನು ನಾನು ಅರ್ಧಕ್ಕಿಂತ ಕಡಿಮೆ ಕೊಡುತ್ತೇನೆ. ಏಕೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಪ್ರಶ್ನೆ ಹುಟ್ಟುವುದಕ್ಕೆ ಕಾರಣವಂತೂ ಇದೆ. ಒಂದು ಕಾಲದಲ್ಲಿ ತಂಡಕ್ಕೆ ಸೇರಿದ ಆಟಗಾರ ಆ ತಂಡವೇ ಅವನನ್ನು ಬಿಟ್ಟುಕೊಡುವವರೆಗೆ ಅದರ ಸ್ವತ್ತಾಗಿದ್ದ. ಆಟಗಾರ ಕರ್ಟ್ ಫ್ಲಡ್ ಈ ಪದ್ಧತಿಯ ವಿರುದ್ಧ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1972ರಲ್ಲಿ ಸೋತರು. ಆಟಗಾರರಾದ ಆಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಅವರ ಪ್ರಕರಣದಲ್ಲಿ ಪಂಚರಾಗಿದ್ದ ಪೀಟರ್ ಸೈಟ್ಜ್ 1975ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪು ಆ ಸಂಕೋಲೆಯನ್ನು ಮುರಿಯಿತು. ಈಗ ಅಮೆರಿಕದ ಬೇಸ್‌ಬಾಲ್‌ನ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನಲ್ಲಿ ಆರು ವರ್ಷಗಳ ಸೇವೆ ಮುಗಿಸಿದ ಆಟಗಾರ, ಚಾಲ್ತಿಯ ಒಪ್ಪಂದ ತೀರಿದ ಕೂಡಲೇ, ಯಾವ ತಂಡದೊಂದಿಗೆ ಬೇಕಾದರೂ ಮಾತುಕತೆ ನಡೆಸಬಹುದು. ಮೊದಲ ಮೂರು ವರ್ಷ ಬಹುತೇಕ ಕನಿಷ್ಠ ಸಂಬಳ, ಮುಂದಿನ ಮೂರು ವರ್ಷ ಪಂಚರ ಮುಂದೆ ತೀರ್ಮಾನವಾಗಬಹುದಾದ ಸಂಬಳ, ಅದಾದ ಮೇಲೆ ಮುಕ್ತ ಮಾರುಕಟ್ಟೆ. ಒಮ್ಮೆ ಸಹಿಯಾದ ಹಣ, ಆಟಗಾರ ಹೇಗೆ ಆಡಿದರೂ, ಬಹುಮಟ್ಟಿಗೆ ಪೂರ್ತಿ ಅವನ ಕೈಸೇರುತ್ತದೆ. ಹೀಗಿರುವಾಗ ಆ ಕೊನೆಯ ವರ್ಷದ ಮೇಲೆ ಎಲ್ಲರ ಕಣ್ಣು ನೆಡುವುದು ಸಹಜ.

ಗೆಳೆಯರು ಮೊದಲು ಹೇಳುವ ಹೆಸರು ಅಡ್ರಿಯಾನ್ ಬೆಲ್ಟ್ರೆ ಅವರದು. ಡೊಮಿನಿಕನ್ ಗಣರಾಜ್ಯದಿಂದ ಬಂದು, 19ನೆಯ ವಯಸ್ಸಿಗೇ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದಲ್ಲಿ ಆಡತೊಡಗಿದ ಅವರ ಬ್ಯಾಟಿಂಗ್ ಸರಾಸರಿ 2003ರಲ್ಲಿ 0.240 ಇತ್ತು, ಎಂದರೆ ಬ್ಯಾಟಿಂಗ್‌ನ ನೂರು ಅವಕಾಶಗಳಿಗೆ 24 ಹಿಟ್ (ಚೆಂಡನ್ನು ಹೊಡೆದು ಔಟಾಗದೆ ಬೇಸ್ ಮುಟ್ಟುವುದು). ಮರುವರ್ಷ, 2004ರಲ್ಲಿ, ಸರಾಸರಿ 0.334ಕ್ಕೆ ಏರಿತು, 48 ಹೋಮ್ ರನ್ (ಸಾಮಾನ್ಯವಾಗಿ ಚೆಂಡು ಬೇಲಿಯಾಚೆ ಹೋಗುವ ಹೊಡೆತ) ಬಂದವು, ಆ ವರ್ಷ ಮೇಜರ್ ಲೀಗ್‌ನೊಳಗಿನ ಎರಡೂ ಲೀಗ್‌ಗಳಲ್ಲಿ ಅದಕ್ಕಿಂತ ಹೆಚ್ಚು ಹೊಡೆದವರಿಲ್ಲ. ಅದು ಅವರ ಒಪ್ಪಂದದ ಕೊನೆಯ ವರ್ಷವಾಗಿತ್ತು. ಸಿಯಾಟಲ್ ಮ್ಯಾರಿನರ್ಸ್ ಐದು ವರ್ಷಕ್ಕೆ 6.4 ಕೋಟಿ ಡಾಲರ್ ಕೊಟ್ಟು ಅವರನ್ನು ಕರೆದುಕೊಂಡಿತು. 2005ರಲ್ಲಿ ಸರಾಸರಿ 0.255, ಹೋಮ್ ರನ್ 19. ಇಷ್ಟು ಹೇಳಿ ಗೆಳೆಯರು ನನ್ನ ಮುಖ ನೋಡುತ್ತಾರೆ.

ಆ ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಬೇರೆ ಯಾವ ವಿವರಣೆಯೂ ಬೇಡವೆನಿಸುತ್ತದೆ ಎಂದು ನಾನೂ ಒಪ್ಪುತ್ತೇನೆ. ಆದರೆ 2004ರಲ್ಲಿ ಬೆಲ್ಟ್ರೆ ಅವರಿಗೆ 25 ವರ್ಷ, ಬ್ಯಾಟರ್‌ಗಳ ಮೈಬಲ ಏರುತ್ತಿರುವ ವಯಸ್ಸು. ಪಾದದ ಕೀಲಿನಲ್ಲಿ ಬೆಳೆದಿದ್ದ ಮೂಳೆಯ ಮುಳ್ಳಿನ ನೋವನ್ನು ಸಹಿಸಿಕೊಂಡೇ ಅವರು ಆ ವರ್ಷ 156 ಪಂದ್ಯ ಆಡಿದ್ದರು. ಕೈಚೆಲ್ಲಿದರೆನ್ನುವ 2005ರಲ್ಲಿಯೂ ಅವರು ಆಡಿದ್ದು ಅಷ್ಟೇ 156 ಪಂದ್ಯ. ಸಿಯಾಟಲ್‌ನ ಮೈದಾನ ಬಲಗೈ ಬ್ಯಾಟರ್‌ಗಳಿಗೆ ಎಷ್ಟು ಕಷ್ಟದ್ದಾಗಿತ್ತೆಂದರೆ, 2013ರ ಋತುವಿಗೆ ತಂಡವೇ ಬೇಲಿಯನ್ನು ಒಳಕ್ಕೆ ತಂದಿತು. 2007 ಮತ್ತು 2008ರಲ್ಲಿ ಮೂರನೆಯ ಬೇಸ್‌ನ ಫೀಲ್ಡಿಂಗ್‌ಗಾಗಿ ಅವರಿಗೆ ಗೋಲ್ಡ್ ಗ್ಲೌವ್ ಪ್ರಶಸ್ತಿ ಸಿಕ್ಕಿತು. ಹಣ ಬಂತೆಂದು ಮೈಗಳ್ಳನಾದವನಿಗೆ ಸಿಗುವ ಮನ್ನಣೆ ಅದಲ್ಲ.

ಇದೆಲ್ಲಕ್ಕಿಂತ ದೊಡ್ಡದಾದ, ಆದರೆ ಕತೆಯಾಗಿ ಹೇಳಲು ಬಾರದ ಕಾರಣವೊಂದಿದೆ. ಬೇಸ್‌ಬಾಲ್‌ನ ಒಂದು ಋತು 162 ಪಂದ್ಯಗಳದ್ದಾದರೂ, ಒಬ್ಬ ಆಟಗಾರನನ್ನು ಅಳೆಯಲು ಅದು ಸಾಲದು. ನಿಜವಾದ ಸಾಮರ್ಥ್ಯ 0.270 ಇರುವ ಬ್ಯಾಟರ್‌ಗೆ ವರ್ಷದಲ್ಲಿ 550 ಅವಕಾಶ ಸಿಕ್ಕವು ಎನ್ನೋಣ. ಸಂಭವನೀಯತೆಯ ಲೆಕ್ಕದಂತೆ ಕೇವಲ ಅದೃಷ್ಟದಿಂದಾಗುವ ಏರಿಳಿತದ ಪ್ರಮಾಣ ವಿಚಲನೆಯೇ (ಸರಾಸರಿಯಿಂದ ಸಾಮಾನ್ಯವಾಗಿ ಸರಿಯುವ ದೂರ) ಸುಮಾರು 0.019 ಆಗುತ್ತದೆ. ಅಂದರೆ ಇಂಥ ಆರು ಜನರಲ್ಲಿ ಸರಿಸುಮಾರು ಒಬ್ಬ, ಅಭ್ಯಾಸ ಹೆಚ್ಚಿಸದೆ, ಛಲ ಹೆಚ್ಚಿಸದೆ, ಏನನ್ನೂ ಬದಲಿಸದೆ 0.289 ದಾಟುತ್ತಾನೆ, ಇನ್ನೊಬ್ಬ 0.251ಕ್ಕಿಂತ ಕೆಳಗೆ ಬೀಳುತ್ತಾನೆ. ಹಿಟ್‌ಗಳಲ್ಲಿ ಎಣಿಸಿದರೆ ಇದು ಇಡೀ ವರ್ಷಕ್ಕೆ ಹತ್ತು ಹನ್ನೊಂದರ ಅಂತರ, ಎರಡು ವಾರಕ್ಕೆ ಒಂದು ಹಿಟ್ ಕೂಡ ಅಲ್ಲ. ಕಣ್ಣಾರೆ ನೋಡುತ್ತಿರುವವನಿಗೆ ಆ ಅಂತರ ತಿಳಿಯುವುದೇ ಇಲ್ಲ. ಒಪ್ಪಂದದ ಮೊತ್ತದಲ್ಲಿ ಮಾತ್ರ ಅದು ಕೋಟಿಗಳಾಗಿ ಕಾಣಿಸಿಕೊಳ್ಳುತ್ತದೆ.

ಈಗ ನಮ್ಮ ನೆನಪು ಕೆಲಸ ಮಾಡುವ ಬಗೆಯನ್ನು ಗಮನಿಸಿ. ಕೊನೆಯ ವರ್ಷದಲ್ಲಿ ಅದೃಷ್ಟ ಮೇಲಕ್ಕೆ ಎತ್ತಿದ ಆಟಗಾರನಿಗೆ ದೊಡ್ಡ ಒಪ್ಪಂದ ಸಿಗುತ್ತದೆ, ಪತ್ರಿಕೆಗಳಲ್ಲಿ ಹೆಸರು ಬರುತ್ತದೆ, ಮುಂದಿನ ವರ್ಷ ಅವನು ತನ್ನ ಸಹಜ ಮಟ್ಟಕ್ಕೆ ಇಳಿದಾಗ ಅಷ್ಟು ಹಣ ತೆಗೆದುಕೊಂಡವನೆಂಬ ಸಿಟ್ಟಿನಿಂದ ನಾವು ಅದನ್ನು ನೆನಪಿಡುತ್ತೇವೆ. ಅದೇ ವರ್ಷ ಅದೃಷ್ಟ ಕೆಳಕ್ಕೆ ತಳ್ಳಿದವನು ಒಂದು ವರ್ಷದ ಸಣ್ಣ ಒಪ್ಪಂದಕ್ಕೆ ಸಹಿ ಹಾಕಿ ಬೇರೊಂದು ಊರಿಗೆ ಹೋಗುತ್ತಾನೆ. ಅವನದೂ ಒಪ್ಪಂದದ ಕೊನೆಯ ವರ್ಷವಾಗಿತ್ತೆಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಆಲ್ಬರ್ಟ್ ಪೂಹೋಲ್ಸ್ ಅವರ 2011ನೆಯ ವರ್ಷವನ್ನು ಯಾರೂ ನನಗೆ ಉದಾಹರಣೆಯಾಗಿ ಹೇಳಿಲ್ಲ. ಸತತ ಹತ್ತು ವರ್ಷ 0.300 ದಾಟಿದ ಅವರ ಸರಾಸರಿ, 24 ಕೋಟಿ ಡಾಲರ್ ಒಪ್ಪಂದಕ್ಕೆ ಮುಂಚಿನ ಆ ವರ್ಷದಲ್ಲೇ ಮೊದಲ ಸಲ 0.299ಕ್ಕೆ ಇಳಿದಿತ್ತು.

ಹಾಗಾದರೆ ಛಲಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ಅದು ಎಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಕೇಳಿಕೊಳ್ಳಬೇಕು. ಗಂಟೆಗೆ 150 ಕಿ.ಮೀ. ವೇಗದ ಚೆಂಡು ಬ್ಯಾಟರ್‌ನನ್ನು ಮುಟ್ಟಲು ಸುಮಾರು 0.4 ಸೆಕೆಂಡ್ ಸಾಕು. ಅಷ್ಟರಲ್ಲಿ ಚೆಂಡನ್ನು ಗುರುತಿಸಿ, ಹೊಡೆಯಬೇಕೋ ಬಿಡಬೇಕೋ ಎಂದು ನಿರ್ಧರಿಸಿ, ಬ್ಯಾಟು ಬೀಸಬೇಕು. ಅಲ್ಲಿ ಹೆಚ್ಚು ಹಂಬಲಿಸಿದವನಿಗೆ ಹೆಚ್ಚು ಫಲ ಸಿಗುವುದಿಲ್ಲ. ಅತಿಯಾಗಿ ಹಂಬಲಿಸಿ ಕೆಟ್ಟ ಚೆಂಡಿಗೂ ಬ್ಯಾಟು ಬೀಸಿ ಕೆಟ್ಟವರೂ ಇದ್ದಾರೆ. ಛಲದ ಕೈಗೆ ಸಿಗುವುದು ಬೇರೆ ಸಂಗತಿಗಳು: ಚಳಿಗಾಲದ ವ್ಯಾಯಾಮ, ದೇಹದ ತೂಕ, ಸಣ್ಣ ನೋವನ್ನು ನುಂಗಿಕೊಂಡು ಮೈದಾನಕ್ಕೆ ಇಳಿಯುವ ನಿರ್ಧಾರ.

ಅರ್ಥಶಾಸ್ತ್ರಜ್ಞರ ಅಧ್ಯಯನಗಳೂ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಕೆನೆತ್ ಲೇನ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹುವರ್ಷದ ಒಪ್ಪಂದ ಸಿಕ್ಕ ಮೇಲೆ ಆಟಗಾರರು ಗಾಯಾಳುಗಳ ಪಟ್ಟಿಯಲ್ಲಿ ಕಳೆಯುವ ದಿನಗಳು ಹೆಚ್ಚಿದ್ದು ಕಂಡುಬಂತು. ಆಂಥನಿ ಕ್ರೌಟ್‌ಮನ್ 1990ರಲ್ಲಿ, ಸಹಿಯ ನಂತರದ ಕುಸಿತವೆಂದು ನಾವು ಕರೆಯುವುದನ್ನು ಆಟದ ಸಹಜ ಏರಿಳಿತದಿಂದಲೇ ವಿವರಿಸಬಹುದೆಂದು ವಾದಿಸಿದರು. ನನಗೆ ಹೆಚ್ಚು ಹಿಡಿಸಿದ್ದು ಹೆದರ್ ಓನೀಲ್ ಅವರು ಎತ್ತಿದ ಪ್ರಶ್ನೆ. ಒಪ್ಪಂದದ ಕೊನೆಯ ವರ್ಷದಲ್ಲಿರುವ ಎಲ್ಲರೂ ಮುಂದಿನ ಒಪ್ಪಂದವನ್ನು ಬಯಸುವವರಲ್ಲ. ಅವರಲ್ಲಿ ನಿವೃತ್ತಿಗೆ ಸಿದ್ಧರಾದ ಹಿರಿಯರೂ ಇರುತ್ತಾರೆ, ಅವರ ಇಳಿಮುಖದ ಅಂಕಿಗಳು ಉಳಿದವರ ಏರಿಕೆಯನ್ನು ಮರೆಮಾಡುತ್ತವೆ. ಇದನ್ನು ಬೇರ್ಪಡಿಸಿ ನೋಡಿದಾಗ, ಮುಂದೆಯೂ ಆಡಬಯಸುವ ಬ್ಯಾಟರ್‌ಗಳಲ್ಲಿ ಕೊನೆಯ ವರ್ಷ ಸ್ವಲ್ಪ ಏರಿಕೆ ಇದೆಯೆಂದು ಅವರ ಲೆಕ್ಕ ತೋರಿಸಿತು. ನಾನು ಕೊಡುವ ಅರ್ಧಕ್ಕಿಂತ ಕಡಿಮೆ ‘ಹೌದು’ ಇಲ್ಲಿಂದಲೇ ಬಂದದ್ದು: ಏರಿಕೆ ಇರಬಹುದು, ಆದರೆ ಅದು ಬೆಲ್ಟ್ರೆ ಅವರ 2004ರಂಥ ಜಿಗಿತವನ್ನು ವಿವರಿಸುವಷ್ಟು ದೊಡ್ಡದಲ್ಲ.

ಸಹಿಯ ನಂತರ ಕೈಚೆಲ್ಲುತ್ತಾರೆ ಎಂಬ ಇನ್ನರ್ಧ ಮಾತು ನನಗೆ ನೋವುಂಟುಮಾಡುತ್ತದೆ. ಬಾಲ್ಟಿಮೋರ್ ಓರಿಯೋಲ್ಸ್‌ನ ಕ್ರಿಸ್ ಡೇವಿಸ್ 2015ರಲ್ಲಿ 47 ಹೋಮ್ ರನ್ ಹೊಡೆದು, ಏಳು ವರ್ಷಕ್ಕೆ 16.1 ಕೋಟಿ ಡಾಲರ್ ಒಪ್ಪಂದ ಪಡೆದರು. ಮೊದಲ ವರ್ಷ, ಹಣ ಖಚಿತವಾದ ಮೇಲೆಯೇ, 38 ಹೋಮ್ ರನ್ ಬಂದವು. ಕುಸಿತ ಬಂದದ್ದು ಮೂವತ್ತು ದಾಟಿದ ಮೇಲೆ: 2018ರಲ್ಲಿ ಸರಾಸರಿ 0.168, ಆ ಋತುವಿನ ಕೊನೆಯಿಂದ ಮುಂದಿನ ಋತುವಿಗೆ ಚಾಚಿಕೊಂಡು ಸತತ 54 ಅವಕಾಶಗಳಲ್ಲಿ ಒಂದೂ ಹಿಟ್ ಇಲ್ಲ. ಸೊಂಟದ ಶಸ್ತ್ರಚಿಕಿತ್ಸೆಯಾಗಿ, 2021ರ ಆಗಸ್ಟ್‌ನಲ್ಲಿ ಅವರು ನಿವೃತ್ತರಾದರು. ತುಂಬಿದ ಮೈದಾನದಲ್ಲಿ ಅಷ್ಟು ಸಲ ಬರಿಗೈಲಿ ಹಿಂತಿರುಗುವುದನ್ನು ಸೋಮಾರಿತನಕ್ಕಾಗಿ ಯಾರೂ ಆರಿಸಿಕೊಳ್ಳುವುದಿಲ್ಲ. ತಂಡಗಳು ಆಟಗಾರನ ಇಪ್ಪತ್ತರ ಹರೆಯದ ಸಾಧನೆಗೆ ಮೂವತ್ತರ ನಂತರ ಹಣ ಕೊಡುತ್ತವೆ. ವಯಸ್ಸಿನ ಆ ಇಳಿಜಾರನ್ನು ನಾವು ಮನುಷ್ಯನ ಗುಣದ ಮೇಲೆ ಹೊರಿಸುತ್ತೇವೆ.

ಆರನ್ ಜಡ್ಜ್ ಅವರ ವಿಷಯವನ್ನೂ ಕೇಳುತ್ತಾರೆ. 2022ರ ಋತುವಿಗೆ ಮುನ್ನ ನ್ಯೂಯಾರ್ಕ್ ಯಾಂಕೀಸ್ ಮುಂದಿಟ್ಟ 21.35 ಕೋಟಿ ಡಾಲರನ್ನು ನಿರಾಕರಿಸಿ, ಆ ವರ್ಷ 62 ಹೋಮ್ ರನ್ ಹೊಡೆದು, 36 ಕೋಟಿ ಪಡೆದವರು ಅವರು. ಆದರೆ ಇದೇ ಜಡ್ಜ್, ಯಾವ ದೊಡ್ಡ ಒಪ್ಪಂದವೂ ಕಣ್ಣಮುಂದೆ ಇಲ್ಲದಿದ್ದ 2017ರಲ್ಲಿ 52, ಹಣ ಖಚಿತವಾಗಿದ್ದ 2024ರಲ್ಲಿ 58 ಹೊಡೆದಿದ್ದಾರೆ.

ಬೆಲ್ಟ್ರೆ ಅವರ ಕತೆಯನ್ನು ಗೆಳೆಯರು 2005ಕ್ಕೆ ನಿಲ್ಲಿಸುತ್ತಾರೆ, ನಾನು ಮುಂದುವರಿಸುತ್ತೇನೆ. ಸಿಯಾಟಲ್ ಒಪ್ಪಂದದ ಕೊನೆಯ ವರ್ಷ 2009. ಮತ್ತೆ ಮಾರುಕಟ್ಟೆಗೆ ಹೋಗಬೇಕಿದ್ದ ಆ ವರ್ಷ ಅವರು ಗಾಯಗಳ ನಡುವೆ 111 ಪಂದ್ಯ ಆಡಿ ಕೇವಲ 8 ಹೋಮ್ ರನ್ ಹೊಡೆದರು. ಬಾಸ್ಟನ್‌ನಲ್ಲಿ ಒಂದೇ ವರ್ಷದ ಒಪ್ಪಂದದ ಮೇಲೆ ಆಡಿದ 2010ರಲ್ಲಿ 0.321 ಸರಾಸರಿ, 28 ಹೋಮ್ ರನ್. ಆಮೇಲೆ ಟೆಕ್ಸಸ್ ರೇಂಜರ್ಸ್‌ನ ದೀರ್ಘ ಒಪ್ಪಂದದ ಮೊದಲೆರಡು ವರ್ಷಗಳಲ್ಲಿ, ಕೈಚೆಲ್ಲಬೇಕಿದ್ದ ಕಾಲದಲ್ಲಿ, 32 ಮತ್ತು 36. ಆ ಒಪ್ಪಂದ 2016ಕ್ಕೆ ತೀರಬೇಕಿತ್ತು. ಏಪ್ರಿಲ್‌ನಲ್ಲೇ ತಂಡ ಇನ್ನೆರಡು ವರ್ಷ ವಿಸ್ತರಿಸಿತು. ಮುಂದಿನ ಸಂಬಳದ ಚಿಂತೆ ಅಲ್ಲಿಗೆ ಮುಗಿದಿತ್ತು. ಆ ವರ್ಷ, 37ನೆಯ ವಯಸ್ಸಿನಲ್ಲಿ, ಅವರು 0.300 ಸರಾಸರಿಯಲ್ಲಿ 32 ಹೋಮ್ ರನ್ ಹೊಡೆದು, ಐದನೆಯ ಗೋಲ್ಡ್ ಗ್ಲೌವ್ ಪಡೆದರು.