ಅರ್ಧ ಮೊಳದ ಬಟ್ಟೆ

18 ಜುಲೈ 2025, ಶುಕ್ರವಾರ
ಧಾರವಾಡ

ಮಳೆ ಬಿಡುತ್ತಿಲ್ಲ. ದೊಡ್ಡ ಮಗ್ಗ ಮತ್ತೆ ಮುನಿಸಿಕೊಂಡಿದೆ. ಪೆಡಲಿಗೆ ಕಟ್ಟಿದ ಹತ್ತಿ ಹಗ್ಗಗಳು ತೇವ ಕುಡಿದು ಗಿಡ್ಡ ಆಗಿವೆ. ತುಳಿದರೆ ಎಳೆಗಳು ಎಡಕ್ಕೆ ಪೂರ್ತಿ ಬಾಯಿ ಬಿಡುತ್ತವೆ, ಬಲಕ್ಕೆ ಅರ್ಧ. ಆ ಅರ್ಧ ಬಾಯಿಯಲ್ಲಿ ಅಡ್ಡ ನೂಲಿನ ಲಾಳಿ ಹೋಗಿ ನಾಲ್ಕೈದು ಎಳೆ ಕಡಿದುಕೊಂಡು ಬರುತ್ತದೆ. ಮರವೂ ಉಬ್ಬಿದೆ. ಮರಳು ಕಾಗದದಿಂದ ಉಜ್ಜೋಣ ಅಂದರೆ, ಮೊದಲು ಇಳಕಲ್ ಸೀರೆ ನೇಯುತ್ತಿದ್ದ ಕಾಕಾ ಬಿಡಲಿಲ್ಲ, ಬೇಸಿಗೆಗೆ ಸಡಿಲ ಆಗುತ್ತದಂತೆ. ಮೇಣ ತಿಕ್ಕಿದೆವು. ಸ್ವಲ್ಪ ವಾಸಿ.

ಬೇಸಿಗೆಯಲ್ಲಿ ಇದರ ಉಲ್ಟಾ. ಒಣ ಹವೆಗೆ ಹಾಸು (ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲು) ಪಟಪಟ ಹರಿಯುತ್ತದೆ, ನಾನು ಮಗ್ಗದ ಕೆಳಗೆ ಒದ್ದೆ ಗೋಣಿಚೀಲ ಹಾಸುತ್ತೇನೆ. ಹತ್ತಿ ನೂಲಿಗೆ ತೇವ ಇದ್ದರೆ ಬಲ ಜಾಸ್ತಿ, ಮಗ್ಗಕ್ಕೆ ತೇವ ಕಂಡರೆ ಆಗುವುದಿಲ್ಲ. ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಕಾಲಿಳಿಸಿ ನೇಯುವ ಕುಣಿಮಗ್ಗ ಮಾಡಿದವರು ಜಾಣರು. ಹಾಸು ನೆಲದ ಹತ್ತಿರವೇ ಇರುತ್ತದೆ, ಕುಣಿಯ ತಂಪು ಅದಕ್ಕೆ ಸಾಕು. ಬಾಡಿಗೆ ಮನೆಯಲ್ಲಿ ಕುಣಿ ತೋಡುತ್ತೇನೆ ಅಂದರೆ ಓನರ್ ನನ್ನನ್ನೇ ಅದರಲ್ಲಿ ಹೂಳುತ್ತಾರೆ.

ಮಧ್ಯಾಹ್ನ ಬೆಂಗಳೂರಿನ ಅಂಗಡಿಯಿಂದ ಫೋನ್ ಬಂತು. ಆಗಸ್ಟ್ 7ರ ಕೈಮಗ್ಗ ದಿನಕ್ಕೆ ಅವರು ಏನೋ ಪ್ರದರ್ಶನ ಇಡುತ್ತಿದ್ದಾರೆ. ಕಂದು ಹತ್ತಿಯ ಶಾಲು ಬೇಕು, ಮೊದಲು ಸ್ಯಾಂಪಲ್ ಕಳಿಸಿ ಅಂದರು. ಕಳಿಸುತ್ತೇನೆ, ಎರಡು ಸಾವಿರ ಆಗುತ್ತದೆ, ಆರ್ಡರ್ ಕೊಟ್ಟರೆ ಬಿಲ್ಲಿನಲ್ಲಿ ಕಳೆಯುತ್ತೇನೆ ಅಂದೆ.

"ತುಂಡು ಬಟ್ಟೆಗೆ ಎರಡು ಸಾವಿರಾನಾ ಮೇಡಂ? ಮಿಲ್‌ನವರು ಪುಸ್ತಕಾನೇ ಫ್ರೀ ಕಳಿಸ್ತಾರೆ."

ಕಳಿಸದೆ ಏನು. ಅವರು ಸಾವಿರಾರು ಮೀಟರ್ ನೇಯ್ದಾದ ಮೇಲೆ ಒಂದು ಮೂಲೆ ಕತ್ತರಿಸಿ ಪುಸ್ತಕಕ್ಕೆ ಅಂಟಿಸುತ್ತಾರೆ. ನನ್ನ ಬಟ್ಟೆ ಇನ್ನೂ ಹುಟ್ಟೇ ಇಲ್ಲ. ನೂಲನ್ನು ಸ್ಕೇಲಿಗೆ ಸುತ್ತಿ ಇಂಚಿಗೆ ಎಷ್ಟು ಸುತ್ತು ಕೂರುತ್ತದೆ ಎಣಿಸಬೇಕು. 48 ಸುತ್ತು ಕೂತರೆ ಸಾದಾ ನೇಯ್ಗೆಗೆ ಅದರ ಅರ್ಧ, ಇಂಚಿಗೆ 24 ಎಳೆ. ಅದೂ ಬರೀ ಅಂದಾಜು. ಎಂಟು ಇಂಚು ಅಗಲಕ್ಕೆ 192 ಎಳೆ. ಪ್ರತಿ ಎಳೆಯನ್ನೂ ಅದನ್ನು ಎತ್ತಿಳಿಸುವ ಹೀಲ್ಡಿನ ಕಣ್ಣಲ್ಲಿ ಒಮ್ಮೆ, ಬಾಚಣಿಗೆಯಂಥ ಹಣಿಗೆಯ ಹಲ್ಲಲ್ಲಿ ಒಮ್ಮೆ ತೂರಿಸಬೇಕು. ಬಟ್ಟೆ ಹತ್ತು ಇಂಚೋ ಹತ್ತು ಮೀಟರೋ, ಈ ಕೆಲಸ ಒಂದೇ. ಆಮೇಲೆ ನೇಯುವುದು ಅರ್ಧ ಗಂಟೆ. ಕೊನೆಗೆ ಮಗ್ಗದ ಹಿಂದೆ ಉಳಿಯುವ ಹಾಸು ನೇಯಲು ಬರುವುದಿಲ್ಲ, ಅದು ಕಸ. ಚಿಕ್ಕ ತುಂಡಿನಲ್ಲಿ ಕಸವೇ ಬಟ್ಟೆಗಿಂತ ಜಾಸ್ತಿ.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. "ಸರಿ, ವಿಚಾರ ಮಾಡಿ ಹೇಳ್ತೀವಿ" ಅಂದರು. ಅಂದರೆ ಮುಗೀತು ಅಂತ, ಅಲ್ವಾ?

ಕಾಕಾ ಅಲ್ಲೇ ಕೂತು ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದಾರೆ. ನಾನು ಒಳಗೆ ಹೋಗಿ, ಇಂಚಿಗೆ ಬೇರೆ ಬೇರೆ ಎಳೆ ಹಾಕಿ ನೇಯ್ದು ನೋಡಿದ್ದ ತುಂಡುಗಳನ್ನು ಸೋಡಾ ಹಾಕಿ ಕುದಿಯಲು ಇಟ್ಟೆ. ಅವರು ಎದ್ದು ಹಿಂದೆಯೇ ಬಂದರು.

"ಹೊಸಾ ಅರಿವಿ ಯಾಕ ಕುದಸ್ತೀಯವ್ವಾ ತಂಗೆವ್ವಾ?"

"ಇದು ಕಂದು ಹತ್ತಿ ಕಾಕಾ. ಕುದಿಸಿದರೆ ಬಣ್ಣ ಜಾಸ್ತಿ ಆಗತೈತಿ, ನೋಡ್ರಿ."

ಅವರಿಗೆ ನಂಬಿಕೆ ಇಲ್ಲ. ಈ ಹತ್ತಿ ಗಿಡದಲ್ಲೇ ಕಂದಾಗಿ ಬಿಡುತ್ತದೆ ಅಂತ ಗೊತ್ತು. ಇಲ್ಲಿಯ ಕೃಷಿ ವಿಶ್ವವಿದ್ಯಾಲಯದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ, ಡಿಡಿಸಿಸಿ-1 ಅವರದೇ ತಳಿ. ಆದರೆ ಕಾಕಾನ ಕೈಯಲ್ಲಿ ಹೋದ ನೂಲೆಲ್ಲ ಬಣ್ಣದ ಬಾನಿಯಲ್ಲಿ ಅದ್ದಿದ್ದು. ಕುದಿಸಿದರೆ ಬಣ್ಣ ಬಿಡಬೇಕು, ಅದು ನಿಯಮ. ತೆಗೆದು ಹಿಂಡಿ, ನೇಯ್ದ ಹಾಗೇ ಇಟ್ಟಿದ್ದ ಇನ್ನೊಂದು ತುಂಡಿನ ಪಕ್ಕ ಹಿಡಿದೆ. ಅದು ತಿಳಿ ಚಹಾ, ಇದು ಕಡಕ್ ಚಹಾ.

"ಎಲಾ ಇದರ! ಇದು ಬಣ್ಣಾ ಬಿಡೂದಿಲ್ಲ, ಕುಡೀತೈತಿ!"

ಮಗುವಿನ ಹಾಗೆ ಖುಷಿಪಟ್ಟರು. ಎರಡೂ ತುಂಡು ಹಿಡಿದುಕೊಂಡು ಕಿಟಕಿಗೆ ಹೋದರು. ಅಲ್ಲಿಂದಲೇ ಅಂದರು, "ನಾವು ಹಿಂಗ ತುಂಡು ನೇಯ್ದು ನೋಡಿದ್ದ ಇಲ್ಲ. ಸೀರಿ ಹೆಂಗಿರಬೇಕು ಅಂತ ಯಾರ್ನ ಕೇಳೂದು? ನಮ್ಮವ್ವ ಉಟ್ಟಿದ್ಲಲ್ಲ."

ನಿಜ. ಇಳಕಲ್ಲಿನಲ್ಲಿ ಸೀರೆಯ ಅಂಚಿಗೆ ಗೋಮಿ ದಡಿ ಎಂದರೆ ಗೋಮಿ ದಡಿ, ಚಿಕ್ಕಿ ಪರಾಸ ಎಂದರೆ ಚಿಕ್ಕಿ ಪರಾಸ. ತೋಪು ತೆನೆ ಅನ್ನುವ ನಮೂನೆಯ ಸೆರಗು ಹೇಗಿರಬೇಕು ಅಂತ ಯಾರೂ ಸ್ಯಾಂಪಲ್ ಕೇಳುವುದಿಲ್ಲ. ಇಲ್ಲೇ ಗರಗದಲ್ಲಿ ರಾಷ್ಟ್ರಧ್ವಜದ ಖಾದಿ ನೇಯುವವರಿಗೂ ಎಲ್ಲ ಮೊದಲೇ ಬರೆದಿಟ್ಟಿದೆ. ನನ್ನಂಥವರಿಗೆ ಮಾತ್ರ ಪ್ರತಿ ಸಲ ಸೊನ್ನೆಯಿಂದ ಶುರು. ಒಮ್ಮೊಮ್ಮೆ ಹೊಟ್ಟೆಕಿಚ್ಚು ಆಗುತ್ತದೆ. ಒಮ್ಮೊಮ್ಮೆ, ಸದ್ಯ ಅನಿಸುತ್ತದೆ.

ಹಾಗೆ ಅಂದುಕೊಳ್ಳುತ್ತಿರುವಾಗಲೇ ಕೊಂಡಿ ನೆನಪಾಯಿತು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಅದಕ್ಕೇ ಬೇರೆ ಕಡೆಯ ಹಾಗೆ ಒಂದೇ ಉದ್ದನೆಯ ಹಾಸು ಏರಿಸಿ ಸಾಲಾಗಿ ಸೀರೆ ಇಳಿಸಲು ಆಗುವುದಿಲ್ಲ. ಸೀರೆಗೊಂದು ಹಾಸು. ಅಂದರೆ ನಾನು ಸ್ಯಾಂಪಲ್‌ಗೆ ಪಡುವ ಪಾಡು ಅವರಿಗೆ ಪ್ರತಿ ಸೀರೆಗೂ ಇತ್ತು, ನನಗಿಂತ ಎಷ್ಟೋ ಪಟ್ಟು ಜಾಸ್ತಿ ಎಳೆ.

"ಕೊಂಡಿ ಯಾರು ಹಾಕ್ತಿದ್ರು ಕಾಕಾ? ನೀವ?"

"ನಂಗೆಲ್ಲಿ ಹೊತ್ತವ್ವಾ. ನಿಮ್ಮ ಕಾಕು. ಕೆಲಸಾ ಮುಗಿಸಿ, ರಾತ್ರಿ ದೀಪದ ಬುಡಕ ಕುಂತು."

"ಅದಕ್ಕ ಎಷ್ಟು ಕೊಡ್ತಿದ್ರು?"

"ಅದಕ್ಕ?" ಕಾಕಾ ನನ್ನ ಮುಖ ನೋಡಿದರು. "ಅದಕ್ಕ ಯಾರು ಕೊಡ್ತಾರ? ಸೀರಿಗೆ ಕೊಡ್ತಿದ್ರು."

ಕಾಕು ಈಗ ಸೂಜಿಗೆ ದಾರ ಪೋಣಿಸಲೂ ಮೊಮ್ಮಗಳನ್ನು ಕರೆಯುತ್ತಾರೆ. ಊರ ಮನೆಯ ಕುಣಿ ಮುಚ್ಚಿ ಟೈಲ್ಸ್ ಹಾಕಿಸಿದ್ದಾರೆ, ಅಲ್ಲೀಗ ಫ್ರಿಜ್ ಇದೆ. ಅದನ್ನು ಕಾಕಾ ಹೆಮ್ಮೆಯಿಂದಲೇ ಹೇಳಿದ್ದರು.

ಮಧ್ಯಾಹ್ನ ಅಂಗಡಿಯವರಿಗೆ ಎರಡು ಸಾವಿರದ ಲೆಕ್ಕ ಕೊಡುವಾಗ ನನ್ನ ದನಿ ಸಣ್ಣಗಾಗಿತ್ತು, ಯಾರದೋ ಹತ್ತಿರ ಕೈಸಾಲ ಕೇಳುವವಳ ಹಾಗೆ. ಇನ್ನು ಮೇಲೆ ಸ್ಯಾಂಪಲ್ ಅನ್ನುವುದೇ ಬೇಡ, ಬಿಲ್ಲಿನಲ್ಲಿ "ಹಾಸು ಏರಿಸಿದ ಕೂಲಿ" ಅಂತ ಬೇರೆ ಸಾಲು ಹಾಕುತ್ತೇನೆ. ಕೊಡುವವರು ಕೊಡಲಿ. ಹೀಗೆ ಬರೆಯುವುದು ಸುಲಭ. ತಿಂಗಳ ಕೊನೆಗೆ ಬಾಡಿಗೆ ಇದೆ, ಆ ಅಂಗಡಿಯ ಆರ್ಡರ್ ಬಂದಿದ್ದರೆ ಅದರಲ್ಲೇ ಕಳೆದುಹೋಗುತ್ತಿತ್ತು.

ಇರಲಿ. ತುಂಡುಗಳು ಅರ್ಧಂಬರ್ಧ ಒಣಗಿವೆ. ಇಂಚಿಗೆ 20 ಎಳೆಯದ್ದು ಮೆತ್ತಗೆ ಜೋತು ಬೀಳುತ್ತದೆ, ಆದರೆ ಉಗುರು ತಾಗಿದರೆ ಎಳೆ ಸರಿಯುತ್ತದೆ. 28ರದ್ದು ಗಟ್ಟಿ, ಕಾಕಾಗೆ ಅದೇ ಇಷ್ಟ, "ಇದು ಅರಿವಿ" ಅಂದರು. ಹೆಗಲ ಮೇಲೆ ಹಾಕಿಕೊಂಡರೆ ಮಾತ್ರ ರಟ್ಟಿನ ಹಾಗೆ ನಿಲ್ಲುತ್ತದೆ. 24ರದ್ದು ಅತ್ತಲೂ ಇಲ್ಲ, ಇತ್ತಲೂ ಇಲ್ಲ. 28ನ್ನು ಓರೆ ಗೆರೆ ಮೂಡುವ ಟ್ವಿಲ್ ನೇಯ್ಗೆಯಲ್ಲಿ ನೇಯ್ದರೆ ಮೆತ್ತಗಾಗಬಹುದು. ಚಿಕ್ಕ ಮಗ್ಗದ ಮೇಲೆ ಆ ಹಾಸು ಇನ್ನೂ ಒಂದು ಗೇಣು ಉಳಿದಿದೆ, ಹೀಲ್ಡು ಬಿಚ್ಚುವುದೂ ಬೇಕಿಲ್ಲ, ಎಳೆ ಎತ್ತುವ ವರಸೆ ಬದಲಿಸಿದರೆ ಸಾಕು. ಆರ್ಡರೇ ಇಲ್ಲದ ಶಾಲಿಗೆ ಇದೆಲ್ಲ ಯಾಕೆ ಅಂದರೆ