ರಾತ್ರಿ ಎರಡು ಗಂಟೆಯ ಬಿಪಿ

ಆ ಅಜ್ಜಿ ಹೊದಿಕೆಯ ಅಂಚು ಹಿಡಿದು ಹೂ ಕಟ್ಟುತ್ತಿದ್ದರು. ಹೂವೂ ಇಲ್ಲ, ನಾರೂ ಇಲ್ಲ. ಎಡಗೈಯ ಬೆರಳುಗಳ ನಡುವೆ ಏನನ್ನೋ ಜೋಡಿಸೋದು, ಬಲಗೈಯಲ್ಲಿ ಸುತ್ತಿ ಎಳೆಯೋದು, ಮತ್ತೆ ಜೋಡಿಸೋದು. ಕೆ.ಆರ್. ಮಾರ್ಕೆಟ್‌ನಲ್ಲಿ ಹೂ ಮಾರಿಕೊಂಡು ಮಕ್ಕಳನ್ನು ಬೆಳೆಸಿದವರು. ನಾನು ತಮಾಷೆಗೆ, ‘ಅಜ್ಜಿ, ಮೊಳ ಎಷ್ಟು?’ ಅಂದೆ. ‘ಇಪ್ಪತ್ತು ಕಣವ್ವಾ, ಬೋಣಿ ಟೈಮು, ಸುಮ್ಕೆ ಚೌಕಾಸಿ ಮಾಡ್ಬೇಡ’ ಅಂದರು. ಪಕ್ಕದ ಬೆಡ್‌ನವರು ನಕ್ಕರು. ನಾನೂ ನಕ್ಕೆ.

ಅದು ನಗುವ ಹೊತ್ತಾಗಿರಲಿಲ್ಲ. ಗಾಳಿಯಲ್ಲಿ ಏನನ್ನೋ ಹಿಡಿಯೋದು, ಬೆಡ್‌ಶೀಟ್ ಕೀಳ್ತಾ ಇರೋದು ಡಿಲೀರಿಯಂ, ಅಂದ್ರೆ ಕಾಯಿಲೆಯಲ್ಲಿ ದಿಢೀರ್ ತಲೆ ಕದಡೋದು, ಶುರುವಾದ ಗುರುತು. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಣ್ಣೆದುರು ಬಂದಾಗ ಗುರುತು ಸಿಗಲಿಲ್ಲ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಜನರಲ್ ಮೆಡಿಸಿನ್ ವಾರ್ಡ್. ಬರೋರಲ್ಲಿ ಜಾಸ್ತಿ ಜನ ಅರವತ್ತೈದು ದಾಟಿದವರೇ. ರಾತ್ರಿ ಶಿಫ್ಟ್‌ನಲ್ಲಿ ಇಡೀ ವಾರ್ಡಿಗೆ ಇಬ್ಬರು ನರ್ಸ್, ಒಬ್ಬರು ಆಯಾ. ಡ್ಯೂಟಿ ಡಾಕ್ಟರ್ ಮೂರು ವಾರ್ಡ್ ನೋಡ್ಕೋಬೇಕು.

ಅಜ್ಜಿ ಬಂದಿದ್ದು ಉಸಿರಾಟದ ತೊಂದರೆ, ಕಾಲಲ್ಲಿ ಊತ ಅಂತ. ಹಾರ್ಟ್ ಸ್ವಲ್ಪ ವೀಕ್, ಜೊತೆಗೆ ಎದೆಯಲ್ಲಿ ಇನ್‌ಫೆಕ್ಷನ್. ಬಂದ ದಿನ ತಲೆ ಚೆನ್ನಾಗಿಯೇ ಇತ್ತು. ಮಗಳಿಗೆ ಮನೆಯ ಬೀಗ ಎಲ್ಲಿಟ್ಟಿದ್ದೀನಿ, ಯಾರು ಎಷ್ಟು ದುಡ್ಡು ಕೊಡಬೇಕು ಅಂತ ಎಲ್ಲ ಹೇಳಿದ್ದರು. ಮೂರನೇ ರಾತ್ರಿ ಹೂ ಕಟ್ಟೋಕೆ ಶುರು ಮಾಡಿದರು. ಎರಡು ಗಂಟೆಗೆ ಬಿಪಿ ನೋಡೋಕೆ ಎಬ್ಬಿಸಿದೆ. ಆಮೇಲೆ ಅವರು ಮಲಗಲೇ ಇಲ್ಲ. ‘ಲಾರಿ ಬಂದೈತೆ, ಬಿಡ್ರೀ’ ಅಂತ ಮಂಚದಿಂದ ಇಳಿಯೋಕೆ ಹೋದರು. ಡ್ರಿಪ್‌ಗೆ ಅಂತ ಕೈಯ ನರಕ್ಕೆ ಹಾಕಿದ್ದ ಕೊಳವೆ, ಕ್ಯಾನುಲಾ, ಕಿತ್ತರು. ಬೆಡ್‌ಶೀಟ್ ತುಂಬಾ ರಕ್ತ.

ಆಗ ನಾನು ಎರಡು ತಪ್ಪು ಮಾಡಿದೆ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ನಿದ್ದೆಗೆ ಏನಾದರೂ ಬರೆಯಿರಿ ಅಂತ ನಾನೇ ಕೇಳಿದೆ. ಅಲರ್ಜಿಗೆ ಕೊಡುವ ಫೆನಿರಮೈನ್ ಇಂಜೆಕ್ಷನ್ ಹೇಳಿದರು, ಕೊಟ್ಟೆ. ‘ಸ್ವಲ್ಪ ಮಂಪರು ಬರುತ್ತೆ, ಬೇರೇನೂ ಆಗಲ್ಲ’ ಅನ್ನೋದು ವಾರ್ಡುಗಳಲ್ಲಿ ಹಳೇ ನಂಬಿಕೆ. ಎರಡನೇದು, ಹೊಸ ಕ್ಯಾನುಲಾ ಉಳಿಯಲಿ ಅಂತ ಬಲಗೈಯನ್ನು ಗಾಜ್ ಬಟ್ಟೆಯಲ್ಲಿ ಮಂಚದ ಕಂಬಿಗೆ ಕಟ್ಟಿದೆ.

ಬೆಳಿಗ್ಗೆ ಮಗಳು ಕ್ಯಾಂಟೀನಿಂದ ಕಾಫಿ ತಗೊಂಡು ಬಂದಳು. ಕೈ ನೋಡಿದಳು. ಜೋರು ಮಾಡಲಿಲ್ಲ. ‘ಸಿಸ್ಟರ್, ನಮ್ಮವ್ವನ್ನ ಕಟ್ಟಾಕಿದೀರಾ?’ ಅಂದಳು ಅಷ್ಟೇ.

ಅವತ್ತು ಹಗಲೆಲ್ಲ ಅಜ್ಜಿ ಎಬ್ಬಿಸಿದರೂ ಏಳಲಿಲ್ಲ. ಸಂಜೆ ಹೊಟ್ಟೆ ಗಟ್ಟಿಯಾಗಿತ್ತು, ಮೂತ್ರ ಕಟ್ಟಿಕೊಂಡಿತ್ತು. ರಾತ್ರಿ ಗಲಾಟೆ ಇನ್ನೂ ಹೆಚ್ಚಾಯಿತು. ಆ ಇಂಜೆಕ್ಷನ್ ಮಾಡೋದೇ ಅದು. ಮಿದುಳಿನಲ್ಲಿ ಗಮನ, ನೆನಪು ಹಿಡಿದಿಡೋಕೆ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಬೇಕು. ಅದಕ್ಕೇ ಈ ಔಷಧಿ ಅಡ್ಡ ನಿಲ್ಲುತ್ತೆ. ಬಾಯಿ ಒಣಗುತ್ತೆ, ಮೂತ್ರ ನಿಲ್ಲುತ್ತೆ, ವಯಸ್ಸಾದವರಿಗೆ ತಲೆ ಇನ್ನಷ್ಟು ಕದಡುತ್ತೆ. ಅಲ್‌ಪ್ರಜೋಲಾಮ್, ಲೊರಾಜೆಪಾಮ್ ತರದ ನಿದ್ದೆ ಮಾತ್ರೆಗಳಿಂದಲೂ ಡಿಲೀರಿಯಂ ಬರಬಹುದು. ಆದರೆ ವರ್ಷಗಟ್ಟಲೆ ತಗೊಳ್ತಾ ಇರೋರಿಗೆ ಆಸ್ಪತ್ರೆಗೆ ಬಂದ ದಿನವೇ ಅದನ್ನು ದಿಢೀರ್ ನಿಲ್ಲಿಸಬಾರದು. ಆಗಲೂ ತಲೆ ಕೆಡುತ್ತೆ. ದಿನಾ ಕುಡಿಯೋರಿಗೆ ಏಕ್‌ದಂ ಕುಡಿತ ನಿಂತಾಗಲೂ ಹೀಗೇ. ಅದಕ್ಕೇ ಅಡ್ಮಿಷನ್ ದಿನ ಮನೆಯವರ ಹತ್ತಿರ ಇದೆಲ್ಲ ಬಿಡಿಸಿ ಕೇಳಬೇಕು.

ಮನೆಯವರು ‘ಅರವತ್ತಕ್ಕೆ ಅರಳು ಮರಳು’ ಅಂದರು. ಅಜ್ಜಿಯ ತಂಗಿ ಗಾಳಿ ಸೋಕಿದೆ ಅಂದರು. ನಮ್ಮೂರ ಕಡೆ ಇದಕ್ಕೆ ಸನ್ನಿ ಅಂತಾರೆ, ನನ್ನ ಪ್ರಕಾರ ಅದೇ ಸರಿಯಾದ ಮಾತು. ಅರಳು ಮರಳು ನಿಧಾನವಾಗಿ, ವರ್ಷಗಳಲ್ಲಿ ಬರೋದು. ಸನ್ನಿ ಒಂದೆರಡು ದಿನದಲ್ಲೇ ಏರುತ್ತೆ, ಬೆಳಿಗ್ಗೆ ಸರಿ ಇದ್ದವರು ಸಂಜೆಗೆ ಬೇರೆಯವರೇ ಆಗಿರ್ತಾರೆ. ಅಂದ್ರೆ ದೇಹದಲ್ಲಿ ಏನೋ ಎಡವಟ್ಟಾಗಿದೆ, ಹುಡುಕಿ ಅಂತ ಅರ್ಥ. ಇನ್‌ಫೆಕ್ಷನ್, ಸೋಡಿಯಂ ಇಳಿದಿರೋದು, ಆಕ್ಸಿಜನ್ ಕಡಿಮೆ, ನೋವು, ಮಲಬದ್ಧತೆ, ಔಷಧಿ, ಏನು ಬೇಕಾದರೂ ಇರಬಹುದು. ಅಜ್ಜಿಗೂ ಸೋಡಿಯಂ ಇಳಿದಿತ್ತು. ಬರೀ ನಿದ್ದೆಗೆಟ್ಟಿದ್ದಕ್ಕೇ ಹೀಗಾಯ್ತು ಅಂತ ನಾನು ಹೇಳ್ತಾ ಇಲ್ಲ. ಆದರೆ ಸೋಡಿಯಂ ಅವರ ರೋಗದಿಂದ ಇಳಿಯಿತು, ನಿದ್ದೆ ಕೆಡಿಸಿದ್ದು ನಾವು.

ಎಷ್ಟು ಕೆಡಿಸಿದ್ದೆವು ಅಂತ ನೋಡೋಕೆ ಒಂದು ಬೆಳಿಗ್ಗೆ ಡ್ಯೂಟಿ ಮುಗಿಸಿ ಅವರ ಫೈಲ್ ತೆಗೆದು ಕೂತೆ. ಎರಡನೇ ರಾತ್ರಿಯ ಲೆಕ್ಕ. 9:30ಕ್ಕೆ ಮಾತ್ರೆ. 10ಕ್ಕೆ ಆ್ಯಂಟಿಬಯೋಟಿಕ್ ಡ್ರಿಪ್, ತೆಗೆದಿದ್ದು 10:45ಕ್ಕೆ. 12ಕ್ಕೆ ನೆಬುಲೈಸೇಶನ್, ಅಂದ್ರೆ ಮಾಸ್ಕ್‌ನಲ್ಲಿ ಔಷಧಿಯ ಹಬೆ. 1ಕ್ಕೆ ಬೆಡ್‌ಪ್ಯಾನ್, 1:40ಕ್ಕೆ ಮತ್ತೆ ಬೆಡ್‌ಪ್ಯಾನ್. ಯಾಕಂದ್ರೆ ನೀರು ಇಳಿಸೋ ಫ್ಯುರೋಸೆಮೈಡ್ ಅನ್ನು ನಾವೇ ರಾತ್ರಿ 8ಕ್ಕೆ ಕೊಟ್ಟಿದ್ದೆವು. 2ಕ್ಕೆ ಬಿಪಿ. 3ಕ್ಕೆ ಶುಗರ್. 4:30ಕ್ಕೆ ರಕ್ತದ ಸ್ಯಾಂಪಲ್. 5ಕ್ಕೆ ಲೈಟ್ ಹಾಕಿ, ಮೈ ಒರೆಸಿ, ಬೆಡ್‌ಶೀಟ್ ಬದಲಾಯಿಸಿದ್ದು. ಇಡೀ ರಾತ್ರಿ ಅವರನ್ನು ಒಂದೇ ಸಮ ಸುಮ್ನೆ ಬಿಟ್ಟಿದ್ದು ಹೆಚ್ಚೆಂದರೆ ಒಂದೂವರೆ ಗಂಟೆ.

ನೋಟ್ಸ್‌ನಲ್ಲಿ ನನ್ನದೇ ಕೈಬರಹ: ‘ಪೇಷೆಂಟ್ ಸ್ಲೆಪ್ಟ್ ವೆಲ್.’

ಈ ವಿಷಯದ ಮೇಲೆ ಆಮೇಲೆ ನಮಗೊಂದು ಕ್ಲಾಸ್ ಆಯಿತು. ಅಲ್ಲಿ ಕೇಳಿದ ಒಂದು ಅಧ್ಯಯನ ಮನಸ್ಸಲ್ಲಿ ಉಳಿದಿದೆ. ಅಮೆರಿಕದ ಯೇಲ್‌ನಲ್ಲಿ ಡಾ. ಶರೋನ್ ಇನೂಯೆ ತಂಡ ಮಾಡಿದ್ದು, ಪ್ರಕಟವಾಗಿದ್ದು 1999ರಲ್ಲಿ. ಎಪ್ಪತ್ತು ದಾಟಿದ 852 ಜನ. ಅರ್ಧ ಜನಕ್ಕೆ ಮಾಮೂಲಿ ಆರೈಕೆ. ಇನ್ನರ್ಧಕ್ಕೆ ಅದರ ಜೊತೆ ಕೆಲವು ಸಣ್ಣ ಸಣ್ಣ ಕೆಲಸ: ರಾತ್ರಿ ನಿದ್ದೆ ಮಾತ್ರೆ ಬದಲು ಬಿಸಿ ಹಾಲು, ಬೆನ್ನು ತಿಕ್ಕೋದು, ಮೆಲ್ಲಗೆ ಸಂಗೀತ, ವಾರ್ಡಿನ ಸದ್ದು ಕಡಿಮೆ ಮಾಡೋದು, ಔಷಧಿ ಹೊತ್ತನ್ನು ನಿದ್ದೆಗೆ ಹೊಂದಿಸೋದು. ಹಗಲಲ್ಲಿ ನಡೆಸೋದು, ಕನ್ನಡಕ ಹಾಕಿಸೋದು, ನೀರು ಕುಡಿಸೋದು, ಮಾತಾಡಿಸೋದು. ಮಾಮೂಲಿ ಗುಂಪಿನಲ್ಲಿ ನೂರಕ್ಕೆ 15 ಜನಕ್ಕೆ ಡಿಲೀರಿಯಂ ಬಂತು, ಇನ್ನೊಂದರಲ್ಲಿ 9.9. ನನಗೆ ಹೆಚ್ಚು ಚುಚ್ಚಿದ್ದು ಅದರ ಇನ್ನೊಂದು ಅಂಶ. ಒಮ್ಮೆ ಡಿಲೀರಿಯಂ ಬಂದವರಲ್ಲಿ ಅದರ ತೀವ್ರತೆ ಈ ಕೆಲಸಗಳಿಂದ ಅಷ್ಟೇನೂ ತಗ್ಗಲಿಲ್ಲ. ಬರೋದಕ್ಕೆ ಮುಂಚೆ ಮಾಡಿದ್ದಷ್ಟೇ ಲೆಕ್ಕಕ್ಕೆ ಬಂತು. ನಾನು ಮೂರನೇ ರಾತ್ರಿ ಇಂಜೆಕ್ಷನ್ ಕೇಳೋ ಬದಲು ಮೊದಲನೇ ರಾತ್ರಿ ಲೈಟ್ ಆರಿಸಬೇಕಿತ್ತು, ಅಲ್ವಾ?

ಬದಲಾವಣೆ ಮಾಡೋಕೆ ಹೊರಟಾಗ ಅಡ್ಡ ಬಂದಿದ್ದು ಡಾಕ್ಟರುಗಳಲ್ಲ, ನಾವು ನರ್ಸುಗಳೇ. ಒಳಗಿನ ವಿಷಯ ಹೇಳಿಬಿಡ್ತೀನಿ. ಪೇಷೆಂಟ್‌ಗೆ ಬೆಳಗಿನ ಜಾವ ಐದಕ್ಕೆ ಮೈ ಒರೆಸಿದರೆ ಯಾವ ಲಾಭವೂ ಇಲ್ಲ. ಡೇ ಶಿಫ್ಟ್‌ನವರು ಬರೋ ಹೊತ್ತಿಗೆ ಬೆಡ್ ಎಲ್ಲ ನೀಟಾಗಿ ಇರಬೇಕು, ಇಲ್ಲದಿದ್ದರೆ ‘ನೈಟ್‌ನವರು ಏನೂ ಮಾಡಿಲ್ಲ’ ಅನ್ನೋ ಮಾತು ಬರುತ್ತೆ. ಅದಕ್ಕೇ ಆ ಆತುರ. ಸ್ಯಾಂಪಲ್ ಕೂಡ ಹಾಗೇ, ರೌಂಡ್ಸ್ ಹೊತ್ತಿಗೆ ರಿಪೋರ್ಟ್ ಬೇಕು ಅಂತ ನಾಲ್ಕೂವರೆಗೇ ಸೂಜಿ. ಇದಕ್ಕೆ ಡೇ ಶಿಫ್ಟ್‌ನವರ ಜೊತೆ ಎರಡು ವಾರ ಮುಖ ಕೊಟ್ಟು ಮಾತಾಡದಷ್ಟು ಜಗಳ ಆಯಿತು. ಕೊನೆಗೆ ರಾಜಿಯಾಗಿದ್ದು ಹೀಗೆ: ಓಡಾಡುವವರ ಸ್ನಾನ, ಮೈ ಒರೆಸೋದು ಡೇ ಶಿಫ್ಟ್‌ಗೆ. ಪೂರ್ತಿ ಮಲಗಿದಲ್ಲೇ ಇರೋರದ್ದು ನಮಗೆ, ಅದೂ ಆರಕ್ಕೆ ಮೇಲೆ. ಸ್ಯಾಂಪಲ್ ಆರಕ್ಕೆ. ಲ್ಯಾಬ್‌ನವರು ಒಂದು ವಾರ ಗೊಣಗಿದರು, ಆಮೇಲೆ ಸುಮ್ಮನಾದರು.

ಡಾಕ್ಟರ್ ಹತ್ತಿರ ಕೇಳಿದ್ದು ಕಡಿಮೆ. ಸ್ಟೇಬಲ್ ಇರೋರಿಗೆ ರಾತ್ರಿ 10ರ ಬಿಪಿ ಆದಮೇಲೆ ಮತ್ತೆ 6ಕ್ಕೆ ನೋಡಿದರೆ ಸಾಕಾ? ಬರೀ ಮಾತ್ರೆ ತಗೊಳ್ಳೋ ಶುಗರ್‌ನವರಿಗೆ 3 ಗಂಟೆಯ ಶುಗರ್ ಬೇಕಾ? ಫ್ಯುರೋಸೆಮೈಡ್ ಎರಡನೇ ಡೋಸ್ ಮಧ್ಯಾಹ್ನ 2ಕ್ಕೆ ಕೊಡಬಹುದಾ? ಪ್ರತಿ ಪೇಷೆಂಟ್‌ಗೆ ಅವರು ಬರೆದುಕೊಡಬೇಕು. ನಮ್ಮಷ್ಟಕ್ಕೆ ನಾವು ಬಿಡೋ ಹಾಗಿಲ್ಲ, ಬಿಡಲೂಬಾರದು. ಜ್ವರ ಏರಿ ಬಿಪಿ ಇಳಿಯುತ್ತಿರೋರನ್ನು ನಿದ್ದೆ ಮಾಡಲಿ ಅಂತ ಬಿಟ್ಟರೆ ಬೆಳಿಗ್ಗೆ ಎಬ್ಬಿಸೋಕೆ ಆಗದೇ ಹೋಗಬಹುದು. ಅವರಿಗೆ ಗಂಟೆಗೊಮ್ಮೆ ನೋಡಲೇಬೇಕು. ಉಳಿದವರಿಗೆ ಹೋದಾಗ ಒಂದೇ ಸಲ ಎಲ್ಲ ಮುಗಿಸಿ ಬರ್ತೀವಿ.

ಇನ್ನು ಸದ್ದು. ವಾರ್ಡಿನಲ್ಲಿ ರಾತ್ರಿ ಸದ್ದು 30 ಡೆಸಿಬಲ್ ಆಸುಪಾಸು ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ನಾನು ಮೊಬೈಲ್ ಆ್ಯಪ್‌ನಲ್ಲಿ ಅಳೆದೆ. ಆ್ಯಪ್ ಲೆಕ್ಕ ಪಕ್ಕಾ ಅಲ್ಲ, ಆದರೂ ಮಧ್ಯರಾತ್ರಿಯಲ್ಲೂ ಐವತ್ತರಿಂದ ಕೆಳಗೆ ಇಳಿಯಲಿಲ್ಲ. ಹೊರಗಿನ ರಸ್ತೆಯ ಹಾರ್ನ್ ಇದಕ್ಕೆ ಕಾರಣ ಅಂದುಕೊಂಡಿದ್ದೆ. ಕಿವಿಗೊಟ್ಟು ಕೂತಾಗ ಗೊತ್ತಾಯಿತು, ಜಾಸ್ತಿ ಸದ್ದು ನಮ್ಮದೇ. ಔಷಧಿ ಟ್ರಾಲಿಯ ಒಂದು ಚಕ್ರ ಕಿರುಚುತ್ತೆ. ಸ್ಟೀಲ್ ಬೆಡ್‌ಪ್ಯಾನ್ ನೆಲಕ್ಕೆ ಇಟ್ಟರೆ ಟಣ್ ಅನ್ನುತ್ತೆ. ಡ್ರಿಪ್ ಮುಗಿದ ಪಂಪ್ ಕೂಗ್ತಾನೇ ಇರುತ್ತೆ. ಪೇಷೆಂಟ್ ಕಡೆಯವರು ರೀಲ್ಸ್ ನೋಡ್ತಾರೆ. ಎಲ್ಲಕ್ಕಿಂತ ಜೋರು ನರ್ಸಿಂಗ್ ಸ್ಟೇಷನ್‌ನಲ್ಲಿ ನಮ್ಮ ಹರಟೆ. ಚಕ್ರಕ್ಕೆ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟೆವು. ಪಂಪ್ ಕೂಗೋ ಮೊದಲೇ ಬಾಟಲ್ ಬದಲಾಯಿಸ್ತೀವಿ. ಟಾರ್ಚ್ ಬೆಳಕು ನೆಲಕ್ಕೆ, ಮುಖಕ್ಕಲ್ಲ. 9:30ಕ್ಕೆ ಕಾರಿಡಾರ್ ಬಿಟ್ಟು ಎಲ್ಲ ಟ್ಯೂಬ್‌ಲೈಟ್ ಆಫ್. ನಮ್ಮ ಹರಟೆ ಮಾತ್ರ ಪೂರ್ತಿ ನಿಂತಿಲ್ಲ. ಹನ್ನೆರಡು ಗಂಟೆ ಡ್ಯೂಟಿಯಲ್ಲಿ ಮಾತೂ ಆಡದಿದ್ದರೆ ನಮಗೇ ನಿದ್ದೆ ಬಂದುಬಿಡುತ್ತೆ.

ರಾತ್ರಿ ನಿದ್ದೆ ಬರಬೇಕಾದರೆ ಹಗಲು ಹಗಲಿನ ಹಾಗೆ ಇರಬೇಕು. ಬೆಳಿಗ್ಗೆ ಪರದೆ ಸರಿಸೋದು, ತಿಂಡಿಗೆ ಕುರ್ಚಿಯಲ್ಲಿ ಕೂರಿಸೋದು, ಆಗುವವರನ್ನು ಕಾರಿಡಾರಿನ ತುದಿವರೆಗೆ ನಡೆಸೋದು. ಕನ್ನಡಕ, ಕಿವಿ ಮೆಷಿನ್, ಹಲ್ಲಿನ ಸೆಟ್ ಇವನ್ನು ಮನೆಯವರು ಕಳೆದುಹೋಗುತ್ತೆ ಅಂತ ವಾಪಸ್ ತಗೊಂಡು ಹೋಗ್ತಾರೆ. ನಾವು ವಾಪಸ್ ತರಿಸ್ತೀವಿ. ಕಣ್ಣು ಕಾಣದೆ, ಕಿವಿ ಕೇಳದೆ, ಗೊತ್ತಿಲ್ಲದ ಜಾಗದಲ್ಲಿ ಮಲಗಿದರೆ ಯಾರಿಗಾದರೂ ದಿಕ್ಕು ತಪ್ಪುತ್ತೆ. ಭಾಷೆಯದ್ದೂ ಒಂದು ಪಾಡಿದೆ. ನಮ್ಮ ವಾರ್ಡಿನಲ್ಲಿ ಮಲಯಾಳಂ, ಹಿಂದಿ, ಮಣಿಪುರಿ ಮಾತಾಡೋ ಹುಡುಗಿಯರಿದ್ದಾರೆ. ರಾತ್ರಿ ಗಾಬರಿಯಾದ ಅಜ್ಜನಿಗೆ ಹಿಂದಿಯಲ್ಲಿ ಸಮಾಧಾನ ಹೇಳಿದರೆ ಇನ್ನೂ ಗಾಬರಿ. ಹಾಗಾಗಿ ಎಲ್ಲರಿಗೂ ಮೂರು ವಾಕ್ಯ ಬಾಯಿಪಾಠ ಮಾಡಿಸಿದ್ದೀನಿ: ‘ಅಜ್ಜಾ, ಇದು ಆಸ್ಪತ್ರೆ. ಈಗ ರಾತ್ರಿ. ಮಗ ಇಲ್ಲೇ ಇದ್ದಾರೆ.’ ಮಗ ಇಲ್ಲದಿದ್ದರೆ ಮೂರನೇದು ಹೇಳಬೇಡಿ ಅಂತಲೂ ಹೇಳಿಕೊಡಬೇಕಾಯಿತು.

ಗಲಾಟೆ ಮಾಡೋರಷ್ಟೇ ಡಿಲೀರಿಯಂನವರಲ್ಲ. ಗೋಡೆ ಕಡೆ ತಿರುಗಿ ದಿನವಿಡೀ ಸುಮ್ಮನೆ ಮಲಗಿರೋರು, ಏನು ಕೇಳಿದರೂ ಹೂಂ ಅನ್ನೋರು, ನಾವು ‘ಒಳ್ಳೇ ಪೇಷೆಂಟ್, ತೊಂದರೆ ಇಲ್ಲ’ ಅನ್ನೋರು, ಅವರಲ್ಲೂ ಇರುತ್ತೆ. ನಮ್ಮ ಕಣ್ಣಿಗೆ ಬೀಳದೆ ಸುಲಭವಾಗಿ ತಪ್ಪಿಹೋಗೋದೂ ಅದೇ. ತಿಂಗಳುಗಳನ್ನು ಡಿಸೆಂಬರ್‌ನಿಂದ ಹಿಂದಕ್ಕೆ ಹೇಳಿಸಿ ಗಮನ ನೋಡೋದು ಒಂದು ಪರೀಕ್ಷೆ. ಶಾಲೆಗೆ ಹೋಗದ ಅಜ್ಜಿಯರಿಗೆ ಡಿಸೆಂಬರ್ ಗೊತ್ತಿರಲ್ಲ. ವಾರಗಳನ್ನು ಭಾನುವಾರದಿಂದ ಹಿಂದಕ್ಕೆ ಹೇಳಿಸ್ತೀನಿ. ಶುಕ್ರವಾರಕ್ಕೇ ನಿಂತುಬಿಟ್ಟರೆ ಡಾಕ್ಟರಿಗೆ ಹೇಳ್ತೀನಿ.

ಹೂವಿನ ಅಜ್ಜಿ ಸರಿಹೋಗೋಕೆ ಹತ್ತು ದಿನ ಬೇಕಾಯಿತು. ಮನೆಗೆ ಹೋಗೋ ದಿನ ಮಗಳು ಮಾತಿನ ಮಧ್ಯೆ ಹೇಳಿದಳು: ಅವ್ವ ನಲವತ್ತು ವರ್ಷ ರಾತ್ರಿ ಎಂಟಕ್ಕೆ ಮಲಗಿ ಎರಡೂವರೆಗೆ ಎದ್ದು ಮಾರ್ಕೆಟ್‌ಗೆ ಹೋದವಳು, ಈಗಲೂ ಹಾಗೇ ಅಂತ. ನಾವು ಎಂಟಕ್ಕೆ ಹ್ಯಾಂಡೋವರ್ ಮಾಡ್ತಾ ಎಲ್ಲ ಲೈಟ್ ಹಾಕಿರ್ತಿದ್ದೆವು. ನಾನು ಎರಡಕ್ಕೆ ಎಬ್ಬಿಸಿದಾಗ ಅವರ ಪಾಲಿಗೆ ಬೆಳಗಾಗಿತ್ತು. ಲಾರಿ ಬರೋ ಹೊತ್ತು ನಿಜವಾಗಿಯೂ ಅದೇ.

ಅದಾದಮೇಲೆ ಅಡ್ಮಿಷನ್ ಶೀಟಿನ ಕೊನೆಯಲ್ಲಿ ಪೆನ್ನಲ್ಲಿ ಒಂದು ಸಾಲು ಸೇರಿಸಿದ್ದೀವಿ: ಮನೆಯಲ್ಲಿ ಎಷ್ಟಕ್ಕೆ ಮಲಗ್ತಾರೆ, ಎಷ್ಟಕ್ಕೆ ಏಳ್ತಾರೆ. ‘ಧಾರಾವಾಹಿ ಮುಗಿದ ಮೇಲೆ’ ಅಂತಾರೆ, ‘ಸೊಸೆ ಗೇಟ್ ಬೀಗ ಹಾಕಿದ ಮೇಲೆ’ ಅಂತಾರೆ. ಹೋದ ತಿಂಗಳು ಒಬ್ಬ ಅಜ್ಜ ಬಂದರು, ಮೂವತ್ತು ವರ್ಷ ಅಪಾರ್ಟ್‌ಮೆಂಟ್ ಒಂದರಲ್ಲಿ ರಾತ್ರಿ ವಾಚ್‌ಮನ್ ಆಗಿದ್ದವರು. ಮಲಗೋದು ಬೆಳಿಗ್ಗೆ ಏಳಕ್ಕೆ ಅಂತ ಬರೆಸಿದರು. ನಮ್ಮ ರೂಲ್ಸ್ ಎಲ್ಲ ಅವರ ಮುಂದೆ ಫೇಲ್. ಹಗಲು ಅವರ ಬೆಡ್‌ಗೆ ಮಾತ್ರ ಪರದೆ ಎಳೆದೆವು, ರಾತ್ರಿ ಸ್ಟೇಷನ್ ಪಕ್ಕ ಒಂದು ಕುರ್ಚಿ ಹಾಕಿಕೊಟ್ಟೆವು. ಬಾಗಿಲ ಕಡೆ ಮುಖ ಮಾಡಿ, ಶಾಲು ಹೊದ್ದು ಕೂರ್ತಿದ್ದರು. ಮೂರು ಗಂಟೆಯ ಹೊತ್ತಿಗೆ ಮೆಲ್ಲಗೆ ಕರೆಯೋರು, ‘ಸಿಸ್ಟರಮ್ಮಾ, ಹನ್ನೆರಡನೇ ಬೆಡ್ ಬಾಟ್ಲು ಮುಗೀತಾ ಬಂತು ನೋಡಿ, ಕೂಗಿಬಿಡ್ತದೆ.’