ಫಾರ್ಮ್ ತುಂಬಬಹುದು, ಸೇವ್ ಮಾಡುವಂತಿಲ್ಲ

ದಾವಣಗೆರೆಯ ಒಂದು ವಿದ್ಯಾಸಂಸ್ಥೆಯ ಆಫೀಸಿನಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವುದು ನನ್ನ ಕೆಲಸ. 2010ರ ಆಸುಪಾಸಿನಲ್ಲಿ ಹಾಸ್ಟೆಲ್ ಅರ್ಜಿಯನ್ನು ಪಿಡಿಎಫ್ ಮಾಡಿ ವೆಬ್‌ಸೈಟಿಗೆ ಹಾಕಿದ್ದೆವು. ಆಮೇಲೆ ಬಂದ ಫೋನ್‌ಗಳೆಲ್ಲ ಒಂದೇ ಥರ: "ಸಾರ್, ಎಲ್ಲ ತುಂಬಿದೀನಿ, ಸೇವ್ ಆಗ್ತಿಲ್ಲ." ಜಗಳೂರಲ್ಲೋ ಹೊನ್ನಾಳಿಯಲ್ಲೋ ಸೈಬರ್ ಸೆಂಟರಿನಲ್ಲಿ ಕೂತ ಹುಡುಗ ಅಪ್ಪನ ಆದಾಯದವರೆಗೂ ಟೈಪ್ ಮಾಡಿರುತ್ತಾನೆ. ಅಷ್ಟರಲ್ಲಿ ಕರೆಂಟ್ ಹೋದರೆ ಮುಗೀತು, ಮತ್ತೆ ಹೆಸರಿನಿಂದ ಶುರು. ಸೆಂಟರಿನವರು ವೈರಸ್ ಇರಬೇಕು ಅಂತ ಹೇಳಿ ಕಳಿಸುತ್ತಿದ್ದರು.

ವೈರಸ್ಸೂ ಇಲ್ಲ, ಏನೂ ಇಲ್ಲ. ಪಿಡಿಎಫ್ ತೆರೆಯುವ ಉಚಿತ ಸಾಫ್ಟ್‌ವೇರ್ ಅಡೋಬ್ ರೀಡರ್ ಆಗ ಇದ್ದದ್ದೇ ಹಾಗೆ. ತುಂಬಲು ಬಿಡುತ್ತಿತ್ತು, ಪ್ರಿಂಟ್ ತೆಗೆಯಲು ಬಿಡುತ್ತಿತ್ತು, ತುಂಬಿದ್ದನ್ನು ಉಳಿಸಿಕೊಳ್ಳಲು ಬಿಡುತ್ತಿರಲಿಲ್ಲ. ಫಾರ್ಮಿನ ಮೇಲೆ ಕಾಣುವ ಒಂದು ಪಟ್ಟಿಯಲ್ಲಿ ಇದನ್ನು ಇಂಗ್ಲಿಷಿನಲ್ಲಿ ಬರೆದೂ ಇರುತ್ತಿತ್ತು. ಅದನ್ನು ಯಾರು ಓದ್ತಾರೆ?

ಹಾಗಂತ ರೀಡರಿಗೆ ಸೇವ್ ಮಾಡಲು ಬರುತ್ತಿರಲಿಲ್ಲ ಅಂತಲ್ಲ. ಬರುತ್ತಿತ್ತು. ಆದರೆ ಫೈಲಿನೊಳಗೆ ಡಿಜಿಟಲ್ ಸಹಿಯ ರೂಪದಲ್ಲಿ ಒಂದು ಅನುಮತಿ ಇರಬೇಕಿತ್ತು. ಅದನ್ನು ಹಾಕಲು ಫಾರ್ಮ್ ಮಾಡಿದವರು ದುಡ್ಡಿನ ಸಾಫ್ಟ್‌ವೇರ್ ಕೊಳ್ಳಬೇಕು. ದೊಡ್ಡ ಸಂಸ್ಥೆಗಳಿಗೆ ಅಂತ ಒಂದು ದುಬಾರಿ ಸರ್ವರ್ ಇತ್ತು. ನಮ್ಮಂಥವರಿಗೆ 2006ರಲ್ಲಿ ಬಂದ, ಪಿಡಿಎಫ್ ತಯಾರಿಸುವ ಅಡೋಬ್‌ನದೇ ಸಾಫ್ಟ್‌ವೇರ್ ಅಕ್ರೊಬ್ಯಾಟ್ 8 ಪ್ರೊಫೆಷನಲ್‌ನಿಂದ ಮೆನುವಿನಲ್ಲೇ ಆ ಸೌಲಭ್ಯ ಸಿಕ್ಕಿತು. ಒಂದು ಕ್ಲಿಕ್, ಕೆಲಸ ಆಯ್ತು.

ಆದರೆ ಆ ಕ್ಲಿಕ್ಕಿನ ಷರತ್ತು ಲೈಸೆನ್ಸ್ ಕರಾರಿನ ಒಳಗೆಲ್ಲೋ ಇತ್ತು. ಅನುಮತಿ ಹಾಕಿದ ಒಂದು ಫಾರ್ಮನ್ನು ಎಷ್ಟು ಜನಕ್ಕಾದರೂ ಹಂಚಿ, ಆದರೆ ತುಂಬಿ ಬಂದವುಗಳಲ್ಲಿ 500ಕ್ಕಿಂತ ಹೆಚ್ಚಿನದರಿಂದ ಮಾಹಿತಿ ತೆಗೆದುಕೊಳ್ಳುವಂತಿಲ್ಲ. ಇಲ್ಲವೇ 500 ಜನಕ್ಕೆ ಮೀರದಂತೆ ಹಂಚಿ, ಅವರು ಎಷ್ಟು ಸಲ ತುಂಬಿ ಕಳಿಸಿದರೂ ಬಳಸಿಕೊಳ್ಳಿ. ಎರಡರಲ್ಲಿ ಒಂದು. ಪ್ರಿಂಟ್ ತೆಗೆದು ಕಾಗದದಲ್ಲಿ ತಂದುಕೊಟ್ಟರೆ ಲೆಕ್ಕಕ್ಕೆ ಬರಲ್ಲ ಅಂದುಕೊಂಡರೆ, ಅದೂ ಬರುತ್ತಿತ್ತು.

"ಇನ್ನೊಂದು ಲೈಸೆನ್ಸ್ ತಗೊಂಡ್ರೆ ಸಾವಿರ ಆಯ್ತಲ್ವಾ?" ಅಂದರು ಅಕೌಂಟ್ಸ್‌ನವರು. ಆಗುವುದಿಲ್ಲ. ಎಷ್ಟು ಪ್ರತಿ ಕೊಂಡರೂ ಮಿತಿ ಒಟ್ಟು ಅಷ್ಟೇ ಅಂತ ಕರಾರಿನಲ್ಲೇ ಇತ್ತು. ಹಾಸ್ಟೆಲಿಗೊಂದು ಹೆಸರು ಬದಲಿಸಿ ಬೇರೆ ಬೇರೆ ಫಾರ್ಮ್ ಮಾಡೋಣ ಅನ್ನುವ ಸಲಹೆಯೂ ಬಂತು. ಅದು ನನಗೆ ಸರಿ ಕಾಣಲಿಲ್ಲ. ಒಂದೇ ಅರ್ಜಿಗೆ ನಾಲ್ಕು ತಲೆಬರಹ ಹಾಕಿ ನಾಲ್ಕು ಫಾರ್ಮ್ ಅಂದರೆ ಯಾರು ಒಪ್ಪುತ್ತಾರೆ? ಸಾಫ್ಟ್‌ವೇರ್ ಏನೂ ಎಣಿಸುತ್ತಿರಲಿಲ್ಲ, 501ನೆಯದಕ್ಕೆ ತಡೆಯುತ್ತಲೂ ಇರಲಿಲ್ಲ. ಎಣಿಸಬೇಕಾದವರು ನಾವೇ.

ಕೊನೆಗೆ ಕೆಲಸವನ್ನೇ ಎರಡು ಭಾಗ ಮಾಡಿದೆವು. ವಿದ್ಯಾರ್ಥಿಗಳ ಅರ್ಜಿಗೆ ಅನುಮತಿ ಹಾಕಲೇ ಇಲ್ಲ. ಅದಕ್ಕೆ ಹೇಗೂ ಫೋಟೋ, ಸಹಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು, ಕಾಗದ ತಪ್ಪುವುದಿಲ್ಲ. "ಒಂದೇ ಸಲ ಕೂತು ತುಂಬಿ, ಪ್ರಿಂಟ್ ತೆಗೆಯಿರಿ, ಸೇವ್ ಆಗುವುದಿಲ್ಲ" ಅಂತ ಮೊದಲ ಸಾಲಿನಲ್ಲೇ ಕನ್ನಡದಲ್ಲಿ ದೊಡ್ಡದಾಗಿ ಹಾಕಿದೆವು. ಫೋನ್ ಬಹಳ ಕಮ್ಮಿ ಆಯಿತು. ವಾರ್ಡನ್‌ಗಳು ತಿಂಗಳು ತಿಂಗಳು ಕಳಿಸುವ ಲೆಕ್ಕದ ಫಾರ್ಮಿಗೆ ಮಾತ್ರ ಅನುಮತಿ ಹಾಕಿದೆವು. ಅವರೇನು 500 ಜನ ಇಲ್ಲವಲ್ಲ. ಎರಡನೇ ಷರತ್ತು ಅವರಿಗಂತಲೇ ಬರೆದ ಹಾಗಿತ್ತು.

ಅಲ್ಲೂ ಒಂದು ತೊಡಕು ಬಂತು. ಒಬ್ಬ ವಾರ್ಡನ್ ಫೈಲನ್ನು ಬೇರೊಂದು ಸಾಫ್ಟ್‌ವೇರಿನಲ್ಲಿ ತೆರೆದು ಏನೋ ತಿದ್ದಿದ್ದರು. ಫೈಲ್ ಬದಲಾದರೆ ಸಹಿ ಕೆಡುತ್ತದೆ, ಸಹಿ ಕೆಟ್ಟರೆ ಅನುಮತಿ ಹೋಯ್ತು. ಮೂಲ ಫೈಲನ್ನೇ ಮತ್ತೆ ಕಳಿಸಬೇಕಾಯಿತು. ಅವತ್ತಿನಿಂದ ಖಾಲಿ ಫಾರ್ಮಿನ ಒಂದು ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ ಇಟ್ಟಿರುತ್ತೇನೆ.

2012ರಲ್ಲಿ ರೀಡರ್ 11 ಬಂದಾಗ ಸಾಮಾನ್ಯ ಫಾರ್ಮುಗಳನ್ನು ಅನುಮತಿ ಇಲ್ಲದೆಯೂ ಸೇವ್ ಮಾಡುವ ಹಾಗಾಯಿತು. ಹೊಸ ಹುಡುಗರಿಗೆ ಈ 500ರ ಕಥೆ ಹೇಳಿದರೆ ನಂಬುವುದಿಲ್ಲ.

ಅವರಿಗೆ ತಲೆನೋವು ಕೊಡುವುದು ಎಕ್ಸ್‌ಎಫ್‌ಎ ಅನ್ನುವ ಇನ್ನೊಂದು ಜಾತಿಯ ಫಾರ್ಮ್. ಎಷ್ಟೋ ಕಡೆ ತೆರೆದರೆ 'ಪ್ಲೀಸ್ ವೇಟ್' ಅಂತ ಬರುತ್ತದೆ, ಎಷ್ಟು ಕಾದರೂ ಮುಂದೆ ಹೋಗುವುದಿಲ್ಲ. 2017ರ ಪಿಡಿಎಫ್ 2.0 ಮಾನದಂಡ ಅದನ್ನು ಕೈಬಿಡುವ ಪಟ್ಟಿಗೆ ಹಾಕಿದೆ, ಆದರೂ ಹಳೆಯ ಫೈಲುಗಳು ಓಡಾಡುತ್ತಲೇ ಇವೆ. ಅಂಥದ್ದು ಬಂದರೆ ಡೌನ್‌ಲೋಡ್ ಮಾಡಿ ಆಫೀಸಿನ ಕಂಪ್ಯೂಟರಿನಲ್ಲಿ ಅಡೋಬ್ ರೀಡರಿನಲ್ಲೇ ತೆರೆಯಿರಿ ಅನ್ನುತ್ತೇನೆ. ಫೋನಿನಲ್ಲಿ ಪ್ರಯತ್ನಪಟ್ಟು ಸುಮ್ನೆ ಟೈಮ್ ಹಾಳು.